ಬಾಗಿಲು ಮುಚ್ಚಿತು, ಬಳಕೆ ನಿಲ್ಲಲಿಲ್ಲ

ನಲವತ್ತು ಎಂಬ ಸಂಖ್ಯೆಗೆ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮೊದಲಿನಿಂದಲೂ ಒಂದು ಗೌರವವುಂಟು. ನೋಹನ ಕಾಲದ ಮಳೆ ನಲವತ್ತು ದಿನ ಸುರಿಯಿತು. ಯೇಸುಸ್ವಾಮಿ ಬೆಂಗಾಡಿನಲ್ಲಿ ಉಪವಾಸವಿದ್ದುದು ನಲವತ್ತು ದಿನ. ವರುಷಕ್ಕೊಮ್ಮೆ ನಾವು ಆಚರಿಸುವ ತಪಸ್ಸುಕಾಲದ ಲೆಕ್ಕವೂ ಅದೇ. ಆದರೆ 2020ರಲ್ಲಿ ಮನೆಮನೆಯ ಮಾತಾದ ‘ಕ್ವಾರಂಟೈನ್’ ಎಂಬ ಶಬ್ದದಲ್ಲಿಯೂ ಇದೇ ನಲವತ್ತು ಅಡಗಿದೆ ಎಂಬುದನ್ನು ಅಂದು ನಮ್ಮಲ್ಲಿ ಅನೇಕರು ಅರಿತಿರಲಿಲ್ಲ. 1377ರಲ್ಲಿ ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ಪಟ್ಟಣವು, ಇಂದಿನ ಡುಬ್ರೊವ್ನಿಕ್, ಪ್ಲೇಗು ಹರಡಿದ ನಾಡುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೆ ನಿಲ್ಲಿಸುವ ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತಾಯಿತು. ವೆನಿಸ್ ನಗರದವರ ಆಡುನುಡಿಯಲ್ಲಿ ನಲವತ್ತಕ್ಕಿದ್ದ ಹೆಸರೇ ಆ ಕಟ್ಟಳೆಗೂ ಹೆಸರಾಯಿತು.

ಇನ್ನೂ ಒಂದು ಲೆಕ್ಕವುಂಟು. 2020ರ ಮಾರ್ಚ್ 25ರಂದು ದೇಶವ್ಯಾಪಿ ದಿಗ್ಬಂಧನ ಆರಂಭವಾಯಿತು. ಮೊದಲು ಇಪ್ಪತ್ತೊಂದು ದಿನ, ಮೇಲೆ ಹತ್ತೊಂಬತ್ತು ದಿನ. ಮೇ 3ಕ್ಕೆ ಸರಿಯಾಗಿ ನಲವತ್ತು ದಿನ ತುಂಬಿತು. ಆ ವರುಷದ ವಿಭೂತಿ ಬುಧವಾರವು ಫೆಬ್ರುವರಿ 26ರಂದು ಬಂದಿತ್ತು, ಪಾಸ್ಕ ಹಬ್ಬವು ಏಪ್ರಿಲ್ 12ರಂದು. ಹೀಗೆ ಒಂದು ತಪಸ್ಸುಕಾಲ ಮುಗಿಯುವ ಮೊದಲೇ ಇನ್ನೊಂದು ನಮ್ಮ ಹೊಸ್ತಿಲಿಗೆ ಬಂದು ಕುಳಿತಿತು. ಮೊದಲನೆಯದನ್ನು ನಾವೇ ಬಯಸಿ ಕೈಕೊಂಡಿದ್ದೆವು. ಎರಡನೆಯದನ್ನು ಯಾರೂ ಬಯಸಿರಲಿಲ್ಲ.

ಆ ದಿನಗಳು ಕಳೆದು ವರುಷಗಳು ಉರುಳಿವೆ. ಅಂದು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲಿ ಆಡಿದ ಕೂಸುಗಳು ಇಂದು ದೊಡ್ಡ ತರಗತಿಗಳಲ್ಲಿವೆ. ಆದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಮನೆಗಳು ಆ ಅಗಲಿಕೆಯನ್ನು ಹೇಗೆ ತಾಳಿದವು, ಮುಚ್ಚಿದ ಬಾಗಿಲಿನ ಒಳಗೂ ನಗೆ ಹೇಗೆ ಉಳಿಯಿತು ಎಂಬುದನ್ನು ಒಮ್ಮೆ ಕುಳಿತು ನೆನೆಯುವುದು ಅಗತ್ಯವೆಂದು ನಮಗೆ ತೋರುತ್ತದೆ. ಒಂಟಿವಾಸವು ಮಹಾಮಾರಿಯ ಕಾಲಕ್ಕೆ ಮಾತ್ರ ಸೀಮಿತವಾದುದಲ್ಲ. ಕ್ಷಯದ ಔಷಧ ಆರಂಭಿಸಿದವರು, ಹಾಸಿಗೆ ಹಿಡಿದ ಹಿರಿಯರು, ದೂರದ ಊರಿನ ಕೋಣೆಯಲ್ಲಿ ಜ್ವರದಿಂದ ಮಲಗಿದ ಮಕ್ಕಳು ಇಂದಿಗೂ ಇದ್ದಾರೆ.

ನಮ್ಮ ಈ ಸೀಮೆಯ ಪರಿಸ್ಥಿತಿಯನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. ಇಲ್ಲಿ ನಮ್ಮವರ ಮನೆಗಳು ಒಂದೆಡೆ ಗುಂಪಾಗಿಲ್ಲ. ಊರಿಗೆ ನಾಲ್ಕು, ಊರಿಗೆ ಹತ್ತು, ಕೆಲವೆಡೆ ಒಂದೇ ಒಂದು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೆಯೂ ಈ ಎರೆಭೂಮಿಯ ಹಳ್ಳಿಗಳಿಗೆ ದೇವಾಲಯವೆಂಬುದು ಬಸ್ಸು ಹಿಡಿದು ಹೋಗಬೇಕಾದ ಸ್ಥಳವಾಗಿಯೇ ಉಳಿದಿತ್ತು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ಧರಿಸಿ, ಈ ನಾಡಿನ ವಿರಕ್ತರ ರೀತಿಯಲ್ಲಿ ಬಾಳಿ ಕಟ್ಟಿದ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವನ್ನು ಬಲ್ಲವರಿಗೆ ಇಲ್ಲಿಯ ವಿಶ್ವಾಸದ ಬದುಕು ನೆರೆಹೊರೆಯೊಂದಿಗೆ ಎಷ್ಟು ಬೆರೆತದ್ದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇನ್ನು ದುಡಿಮೆಗೆ ಹೋದ ಮಕ್ಕಳ ಮಾತು. ಒಬ್ಬ ಗೋವೆಯ ಮಡಗಾವಿನಲ್ಲಿ, ಒಬ್ಬ ಪುಣೆಯಲ್ಲಿ, ಮಗಳು ಎಲ್ಲಿಯೋ ದಾದಿ. ಮನೆಯಲ್ಲಿ ಉಳಿದವರು ಅಪ್ಪ, ಅವ್ವ, ಒಬ್ಬ ಮೊಮ್ಮಗ. ಅಗಲಿಕೆ ಎಂಬುದು ಈ ಮನೆಗಳಿಗೆ ಕೊರೋನಾ ತಂದುಕೊಟ್ಟ ಹೊಸ ಸಂಗತಿಯೇನಲ್ಲ. ಹಬ್ಬಕ್ಕೆ ಬರುತ್ತಾರೆ ಎಂಬ ಭರವಸೆಯೊಂದು ಇತ್ತು, ಅದನ್ನು ಮಾತ್ರ ಅದು ಕಿತ್ತುಕೊಂಡಿತು.

ಇದಕ್ಕೆ ಕೇವಲ ಏಳು ತಿಂಗಳು ಹಿಂದೆ, 2019ರ ಆಗಸ್ಟಿನಲ್ಲಿ, ಮಲಪ್ರಭೆ ಉಕ್ಕಿ ಬಂದಿದ್ದಳು. ನವಿಲುತೀರ್ಥದ ಜಲಾಶಯ ತುಂಬಿ ನೀರು ಹೊರಬಿಟ್ಟಾಗ ಸವದತ್ತಿ, ರಾಮದುರ್ಗ ತಾಲೂಕುಗಳ ಹೊಳೆಸಾಲಿನ ಹಳ್ಳಿಗಳು ಮುಳುಗಿದವು. ನೇಕಾರರ ಮಗ್ಗಗಳ ಕುಣಿಗಳಲ್ಲಿ ಕೆಸರು ತುಂಬಿತು. ಅಂದು ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಲ್ಲಿ ಜನ ಜಾತಿಮತವೆನ್ನದೆ ಒಂದೇ ಜಮಖಾನೆಯ ಮೇಲೆ ಮಲಗಿದರು, ಒಂದೇ ಭಾಂಡೆಯ ಅನ್ನ ಉಂಡರು. ಸಂಕಟ ಬಂದಾಗ ಒತ್ತೊತ್ತಾಗಿ ಕೂಡಬೇಕು ಎಂಬುದೇ ಅವರು ಕಲಿತ ಪಾಠ. ಮರುವರುಷ ಬಂದ ಸಂಕಟವು ಅದೇ ಜನರಿಗೆ ಅದರ ತಿರುಗಾಮುರುಗಾ ಪಾಠವನ್ನು ಹೇಳಿತು. ದೂರ ನಿಲ್ಲಿ, ಕೈ ಹಿಡಿಯಬೇಡಿ, ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯಬೇಡಿ. ನೆರೆ ಬಂದ ಮನೆಯ ಗೋಡೆಯನ್ನು ಇನ್ನೂ ಎತ್ತಿ ಕಟ್ಟಿರದ ಮುದುಕಿಯೊಬ್ಬಳಿಗೆ ಇದನ್ನು ತಿಳಿಸಿ ಹೇಳುವುದು ಸುಲಭದ ಕೆಲಸವಾಗಿರಲಿಲ್ಲ.

ಏಪ್ರಿಲ್ ಆರಂಭದಲ್ಲಿ ಬೆಳಗಾವಿ ಜಿಲ್ಲೆಯ ಮೊದಲ ಸೋಂಕಿತರು ಪತ್ತೆಯಾದರು. ಬೆಳಗಾವಿಯಿಂದ ಕಿತ್ತೂರಿಗೆ ಬರುವ ಹೆದ್ದಾರಿಯ ಮೇಲಿನ ಹಿರೇಬಾಗೇವಾಡಿಯಲ್ಲಿ ಒಬ್ಬರ ಹಿಂದೊಬ್ಬರಂತೆ ಜನ ಸೋಂಕಿಗೆ ಸಿಕ್ಕಾಗ ಭಯವು ನಮ್ಮ ಓಣಿಗೇ ಬಂದಿತು. ಕೊಗನೋಳಿಯ ತಪಾಸಣೆ ನಾಕೆಯಲ್ಲಿ ಮಹಾರಾಷ್ಟ್ರದ ದಾರಿ ನಿಂತಿತು. ಚೋರ್ಲಾ, ಅನಮೋಡ ಘಟ್ಟಗಳಲ್ಲಿ ಗೋವೆಯ ದಾರಿ ನಿಂತಿತು. ಮೇ 19ರ ವರೆಗೆ ಸರಕಾರಿ ಬಸ್ಸೂ ಇಲ್ಲ. ಏಪ್ರಿಲ್ 8ರ ದವನದ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ‘ಉಧೋ ಉಧೋ’ ಎನ್ನುತ್ತ ಏರುವ ಸವದತ್ತಿಯ ಎಲ್ಲಮ್ಮನ ಗುಡ್ಡವು ಮೌನವಾಗಿ ನಿಂತಿತ್ತು. ನಮ್ಮ ಗರಿಗಳ ರವಿವಾರ ಬಂದದ್ದು ಏಪ್ರಿಲ್ 5ಕ್ಕೆ. ಅದೇ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಬೇಕೆಂದು ಪ್ರಧಾನಿಯವರು ಇಡೀ ದೇಶಕ್ಕೆ ಕರೆ ಕೊಟ್ಟಿದ್ದರು. ಮುಂಜಾನೆ ಹಿತ್ತಲಿನ ತೆಂಗಿನ ಗರಿಯನ್ನೋ, ಗರಿ ದೊರೆಯದ ಮನೆಯಲ್ಲಿ ಬೇವಿನ ಟೊಂಗೆಯನ್ನೋ ಹಿಡಿದು ಪಡಸಾಲೆಯಲ್ಲಿಯೇ ಸುತ್ತುಬಂದ ಮಕ್ಕಳು ಅಂದು ರಾತ್ರಿ ನೆರೆಯವರೊಂದಿಗೆ ಹಣತೆಯನ್ನೂ ಹಚ್ಚಿದರು. ಬಸವ ಜಯಂತಿಯೂ ಆ ವರುಷ ಮನೆಯೊಳಗೇ, ರಮಜಾನಿನ ನಮಾಜೂ ಮನೆಯೊಳಗೇ. ಒಂದೇ ಬೇಸಿಗೆಯಲ್ಲಿ ನಾಲ್ಕೂ ತಾಲೂಕುಗಳ ಎಲ್ಲ ಮತದವರೂ ತಮ್ಮ ತಮ್ಮ ಪಡಸಾಲೆಯಲ್ಲಿ ದೇವರನ್ನು ಕಂಡುಕೊಂಡ ವರುಷ ಬೇರೊಂದಿಲ್ಲ.

ಹಳಬರ ನೆನಪಿನಲ್ಲಿ ಪ್ಲೇಗಿನ ಕಾಲವೊಂದಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಬೇನೆಯು ಒಂದೆರಡು ವರುಷಗಳಲ್ಲಿ ರೈಲಿನ ಹಾದಿ ಹಿಡಿದು ನಮ್ಮ ಭಾಗಕ್ಕೂ ಇಳಿಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ನರ ಲಸಿಕೆಯನ್ನು ಚುಚ್ಚಿದ ಸಂಗತಿ ವೈದ್ಯಕೀಯ ಇತಿಹಾಸದಲ್ಲಿ ಸೇರಿದೆ. ಆಗ ಬೈಲಹೊಂಗಲ ಸಂಪಗಾಂವ ತಾಲೂಕಿನ ಠಾಣೆ, ಸವದತ್ತಿ ಪರಸಗಡ ತಾಲೂಕಿನ ಠಾಣೆ, ರಾಮದುರ್ಗ ಒಂದು ಬೇರೆಯೇ ಸಂಸ್ಥಾನ. ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಹೊರಬಿದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ಅಜ್ಜಂದಿರು ಹೇಳುತ್ತಿದ್ದರು. ಅಂದಿನ ಸರಕಾರ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಡಿಯಲ್ಲಿಯೇ 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವೂ ತನ್ನ ನಿಯಮಗಳನ್ನು ಹೊರಡಿಸಿತೆಂಬುದು ಸೋಜಿಗದ ಸಂಗತಿ. ಆದರೆ ಒಂದು ಅಂತರವನ್ನು ಗಮನಿಸಬೇಕು. ಪ್ಲೇಗಿನಲ್ಲಿ ಮನೆಮಂದಿಯೆಲ್ಲ ಕೂಡಿ ಹೊಲಕ್ಕೆ ಹೋಗುತ್ತಿದ್ದರು. ಒಲೆ, ಎಮ್ಮೆ, ತೊಟ್ಟಿಲು ಎಲ್ಲವೂ ಸಂಗಡ. ಕೊರೋನಾ ಕಾಲದಲ್ಲಿ ಒಬ್ಬೊಬ್ಬರನ್ನೇ ಬೇರ್ಪಡಿಸಬೇಕಾಯಿತು. ಹಿರಿಯರ ಅನುಭವ ಇಲ್ಲಿ ನಮಗೆ ಅರ್ಧ ದಾರಿಯವರೆಗೆ ಮಾತ್ರ ಬಂದಿತು.

ಉಳಿದ ಅರ್ಧಕ್ಕೆ ನಾವು ಇನ್ನೂ ಹಿಂದೆ ಹೋಗಬೇಕು. 1576ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ಬಡಿದಾಗ ಅಲ್ಲಿಯ ಮಹಾಧರ್ಮಾಧ್ಯಕ್ಷರಾಗಿದ್ದವರು ಸಂತ ಚಾರ್ಲ್ಸ್ ಬೊರೊಮಿಯೊ. ಜನರು ಮನೆಯಿಂದ ಹೊರಬರಬಾರದೆಂಬ ಕಟ್ಟಪ್ಪಣೆಯಾಯಿತು. ಸಂತರು ಅದನ್ನು ವಿರೋಧಿಸಲಿಲ್ಲ. ಬೀದಿಗಳು ಕೂಡುವಲ್ಲಿ ಪೀಠಗಳನ್ನು ಕಟ್ಟಿಸಿ ಬಲಿಪೂಜೆಯನ್ನು ಅಲ್ಲಿ ಅರ್ಪಿಸುವಂತೆ ಮಾಡಿದರು. ಜನ ಕಿಟಕಿಗಳಲ್ಲಿ ನಿಂತು ಭಾಗವಹಿಸಿದರು. ದಿನಕ್ಕೆ ಏಳು ಸಲ ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದೊಡನೆ ಒಂದು ಮನೆಯ ಕಿಟಕಿಯಿಂದ ಪ್ರಾರ್ಥನೆ ಆರಂಭವಾದರೆ ಎದುರು ಮನೆಯ ಕಿಟಕಿಯಿಂದ ಅದಕ್ಕೆ ಉತ್ತರ ಬರುತ್ತಿತ್ತು. ಇದರಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಉತ್ತರ ಕೊಡುವ ಆ ಎದುರು ಕಿಟಕಿ. ಅಲ್ಲಿ ಕೂಡಿಹಾಕಲ್ಪಟ್ಟವನು ಬರಿಯ ಕೇಳುಗನಾಗಿರಲಿಲ್ಲ. ಅವನು ದನಿ ಕೂಡಿಸದಿದ್ದರೆ ಪ್ರಾರ್ಥನೆ ಪೂರ್ತಿಯಾಗುತ್ತಿರಲಿಲ್ಲ.

2020ರಲ್ಲಿ ಕಿಟಕಿಯ ಜಾಗಕ್ಕೆ ಮೊಬೈಲು ಬಂದಿತು. ಆಗಿನ ಜಗದ್ಗುರು, 2025ರಲ್ಲಿ ಅಗಲಿದ ಪೋಪ್ ಫ್ರಾನ್ಸಿಸರು, ಮಾರ್ಚ್ 27ರ ಸಂಜೆ ಮಳೆಯಲ್ಲಿ ತೊಯ್ದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಡೆದುಬಂದುದನ್ನು, 1522ರ ಪ್ಲೇಗಿನಲ್ಲಿ ರೋಮಿನ ಜನ ಹೊತ್ತು ಮೆರೆದ ಶಿಲುಬೆಯ ಮುಂದೆ ನಿಂತುದನ್ನು ನಮ್ಮಲ್ಲಿ ಅನೇಕರು ಅಂಗೈಯಗಲದ ಪರದೆಯಲ್ಲಿ ಕಂಡು ಕಣ್ಣೊರೆಸಿಕೊಂಡರು. ಒಳ್ಳೆಯದೇ. ಆದರೆ ದಿನ ಕಳೆದಂತೆ ನೋಡುವುದು ಸಾಕೆನಿಸತೊಡಗಿತು. ಪರದೆಯ ಎದುರು ಕುಳಿತವನು ಎದ್ದು ಹೋದರೂ ಪೂಜೆ ನಡೆಯುತ್ತಲೇ ಇರುತ್ತದೆ. ಅದೇ ಸಂಜೆ ಏಳೂವರೆಗೆ ಬೈಲಹೊಂಗಲದ ಅವ್ವ, ಮಡಗಾವಿನ ಮಗ, ಹುಬ್ಬಳ್ಳಿಯ ಮಗಳು ಫೋನಿನಲ್ಲಿ ಕೂಡಿ ಜಪಸರ ಹೇಳುವಾಗ ಒಂದೊಂದು ರಹಸ್ಯ ಒಬ್ಬೊಬ್ಬರ ಪಾಲಿಗೆ ಬಂದಿತೆಂದರೆ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ನೆಟ್‌ವರ್ಕ್ ಹೋಗಿ ಮೂರನೆಯ ರಹಸ್ಯ ನಡುವೆಯೇ ಕಡಿದುಬಿದ್ದು, ಮಗ ಮತ್ತೆ ಫೋನು ಹಚ್ಚುವವರೆಗೆ ಎಲ್ಲರೂ ಅಲ್ಲಿಯೇ ಕಾಯ್ದು ಕುಳಿತ ಸಂಜೆಗಳೂ ಇದ್ದವು. ಆ ಕಾಯುವಿಕೆಯೂ ಪ್ರಾರ್ಥನೆಯ ಒಂದು ಭಾಗವೇ ಆಗಿತ್ತೆಂದರೆ ಅತಿಶಯೋಕ್ತಿಯಾಗದು.

ಮೇ ತಿಂಗಳಲ್ಲಿ ಹೊರನಾಡುಗಳಿಂದ ಜನ ಮರಳತೊಡಗಿದಾಗ ನಿಜವಾದ ಪರೀಕ್ಷೆ ಬಂದಿತು. ಹೊರರಾಜ್ಯದಿಂದ ಬಂದವರು ಮೊದಮೊದಲು ಹದಿನಾಲ್ಕು ದಿನ ಸರಕಾರ ಗೊತ್ತುಮಾಡಿದ ಶಾಲೆ, ವಸತಿನಿಲಯಗಳಲ್ಲಿ ಇರಬೇಕಾಯಿತು. ತಿಂಗಳ ಕೊನೆಯ ಹೊತ್ತಿಗೆ ಮಹಾರಾಷ್ಟ್ರದಿಂದ ಬಂದವರಿಗೆ ಏಳು ದಿನ ಅಲ್ಲಿ, ಏಳು ದಿನ ಮನೆಯಲ್ಲಿ ಎಂದಾಯಿತು. ಮಗ ಊರಿಗೆ ಬಂದಿದ್ದಾನೆ, ಊರ ಶಾಲೆಯಲ್ಲಿಯೇ ಇದ್ದಾನೆ, ಆದರೆ ಮನೆಗೆ ಬರುವಂತಿಲ್ಲ. ಗೋವೆಯಲ್ಲಿದ್ದಾಗ ಇರದಿದ್ದ ಸಂಕಟ ಈಗ. ಶಾಲೆಯ ಕಂಪೌಂಡಿನ ಹೊರಗೆ ಬುತ್ತಿ ಹಿಡಿದ ಅವ್ವ, ಒಳಗೆ ವರಾಂಡದಲ್ಲಿ ಮಗ, ನಡುವೆ ಕಾವಲಿಗೆ ನಿಂತ ಪೊಲೀಸ್ ಪೇದೆ ಅಥವಾ ಆಶಾ ಕಾರ್ಯಕರ್ತೆ.

ಊರವರ ನಡತೆ ಎಲ್ಲೆಡೆ ಚೆನ್ನಾಗಿರಲಿಲ್ಲವೆಂಬುದನ್ನು ಮುಚ್ಚಿಡಬಾರದು. ಹಿಂದಿನ ವರುಷ ನೆರೆಯಲ್ಲಿ ಹೆಗಲು ಕೊಟ್ಟು ಮುದುಕರನ್ನು ಹೊರತಂದ ಓಣಿಯ ಹುಡುಗರೇ ಈ ವರುಷ ದಾರಿಗೆ ಮುಳ್ಳಿನ ಕಂಟಿ ಎಳೆದು ‘ನಮ್ಮೂರಿಗೆ ಬರಬ್ಯಾಡ್ರಿ’ ಎಂದದ್ದುಂಟು. ಬಾಗಿಲಿಗೆ ಹಚ್ಚಿದ ಚೀಟಿಯನ್ನು ಕಂಡು ಹಾಲು ಹಾಕುವುದನ್ನು ನಿಲ್ಲಿಸಿದವರುಂಟು. ಬೇನೆಗೆ ಅಂಜುವುದು ಸಹಜ. ಬೇನೆ ಬಿದ್ದವನಿಗೇ ಅಂಜಿದಾಗ ಬಳಕೆ ಕಡಿಯುತ್ತದೆ. ವಾಟ್ಸಾಪಿನಲ್ಲಿ ಹರಿದಾಡಿದ ಸುಳ್ಳು ಸುದ್ದಿಗಳು ಈ ಅಂಜಿಕೆಗೆ ಎಣ್ಣೆ ಹೊಯ್ದವು. ಟಿ.ವಿ.ಯವರು ಕ್ರಿಕೆಟ್ಟಿನ ರನ್ನಿನಂತೆ ಸೋಂಕಿತರ ಸಂಖ್ಯೆ ಹೇಳುವುದನ್ನು ಮುಂಜಾನೆಯಿಂದ ರಾತ್ರಿಯವರೆಗೆ ಕೇಳುತ್ತ ಕುಳಿತ ಮನೆಗಳಲ್ಲಿ ಯಾರೂ ಚೆನ್ನಾಗಿ ನಿದ್ದೆ ಮಾಡಲಿಲ್ಲ.

ಹೀಗೆ ಕೂಡಿಹಾಕಿದ ಮಗನೊಂದಿಗೆ ಅಥವಾ ದೂರದಲ್ಲಿ ಒಬ್ಬಳೇ ಉಳಿದ ಅವ್ವನೊಂದಿಗೆ ಫೋನಿನಲ್ಲಿ ನಡೆಯುತ್ತಿದ್ದ ಮಾತನ್ನು ಸ್ವಲ್ಪ ಗಮನಿಸೋಣ. ‘ಊಟ ಆತೇನು?’ ‘ಆತು.’ ‘ಮತ್ತ?’ ‘ಏನಿಲ್ಲ.’ ‘ಸುಮ್ಮನ ಇರು, ಹೊರಗ ಬರಬ್ಯಾಡ.’ ‘ಹೂಂ.’ ಇಷ್ಟಕ್ಕೆ ಎರಡು ನಿಮಿಷ. ಪ್ರೀತಿಯೇನೋ ಇದೆ, ಮಾತಿಲ್ಲ. ದಿನವೆಲ್ಲ ಕೋಣೆಯಲ್ಲಿ ಕುಳಿತವನಿಗೆ ಹೇಳಲು ಏನು ತಾನೇ ನಡೆದಿರುತ್ತದೆ? ‘ನಿನಗೇನು ಬೇಕು’ ಎಂದು ದಿನಕ್ಕೆ ನಾಲ್ಕು ಸಲ ಕೇಳಿಸಿಕೊಂಡವನು ತಾನು ಯಾರಿಗೂ ಬೇಡವಾಗಿ ಬರಿಯ ಹೊರೆಯಾಗಿದ್ದೇನೆಂದು ತಿಳಿಯತೊಡಗುತ್ತಾನೆ.

ಇಂಥದರಲ್ಲಿ ಸೊಸೆಯೊಬ್ಬಳು ಒಂದು ದಿನ ಕೇಳಿದಳು: ‘ಅತ್ತಿ, ಗುರೆಳ್ಳ ಹಿಂಡಿಗೆ ಬಳ್ಳೊಳ್ಳಿ ಮೊದಲ ಹಾಕಬೇಕೋ, ಕಡೀಕೋ? ನನಗ ಹದಾನ ಬರವಲ್ಲದು.’ ಅಂದಿನ ಮಾತು ಅರ್ಧ ತಾಸು ನಡೆಯಿತು. ಗುರೆಳ್ಳಿನಿಂದ ಅಗಸಿ ಹಿಂಡಿಗೆ, ಅಲ್ಲಿಂದ ತವರಿನ ಒಳ್ಳಿಗೆ, ಒಳ್ಳಿನಿಂದ ಸತ್ತುಹೋದ ಅಕ್ಕನಿಗೆ. ಮರುದಿನ ಅತ್ತೆಯೇ ಫೋನು ಮಾಡಿ ‘ಹಿಂಡಿ ಹೆಂಗಾತು?’ ಎಂದು ಕೇಳಿದರು. ಈ ಒಂದು ಸಂಗತಿಯಲ್ಲಿ ನಮಗೆ ಆ ಕಾಲದ ಎಲ್ಲ ಬೋಧನೆಗಳಿಗಿಂತ ಹೆಚ್ಚಿನ ತಿಳಿವಳಿಕೆ ಕಾಣುತ್ತದೆ. ದೂರದಲ್ಲಿ ಇರುವವರಿಗೆ ಏನನ್ನಾದರೂ ಕಳಿಸುವುದು ಒಳ್ಳೆಯದು. ಅವರಿಂದ ಏನನ್ನಾದರೂ ಬೇಡುವುದು ಅದಕ್ಕೂ ಒಳ್ಳೆಯದು. ನೀನಿಲ್ಲದೆ ಇಲ್ಲಿ ಈ ಕೆಲಸ ಸಾಗದು ಎಂದು ತೋರಿಸಿಕೊಟ್ಟಾಗ ಆ ಮನುಷ್ಯ ಮತ್ತೆ ಮನೆಯೊಳಗೆ ಬಂದಂತೆಯೇ ಸರಿ.

ಈ ಬಗೆಯ ಬೇಡಿಕೆಗಳು ನಮ್ಮ ಮನೆಗಳಲ್ಲಿ ತಾವಾಗಿಯೇ ಹುಟ್ಟಿಕೊಂಡವು. ಶಾಲೆಗಳು ಮುಚ್ಚಿದ್ದವು, ಮನೆಗೆ ಒಂದೇ ಒಂದು ದೊಡ್ಡ ಮೊಬೈಲು, ಅದೂ ಅಪ್ಪನ ಕಿಸೆಯಲ್ಲಿ. ಆಗ ವಸತಿನಿಲಯದಲ್ಲಿ ಹದಿನಾಲ್ಕು ದಿನ ಕುಳಿತ ಕಾಕಾನಿಂದ ಮಗ್ಗಿ, ಭಿನ್ನರಾಶಿ ಕಲಿತ ಮಕ್ಕಳಿದ್ದಾರೆ. ಇದಕ್ಕೆ ಸಾದಾ ಫೋನೇ ಸಾಕಾಗಿತ್ತು. ಲೆಕ್ಕ ತಪ್ಪಿದರೆ ಕಾಕಾ ಅತ್ತಲಿಂದ ಗದರುವುದು, ಮಕ್ಕಳು ಇತ್ತ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು. ಆ ವರುಷದ ಆಗಸ್ಟಿನಲ್ಲಿ ಸರಕಾರ ‘ವಿದ್ಯಾಗಮ’ ತರುವ ಮೊದಲೇ ಇಂಥ ಶಾಲೆಗಳು ತೆರೆದಿದ್ದವು. ಮನೆಯಲ್ಲಿಯೇ ಪ್ರತ್ಯೇಕ ಕೋಣೆಯಲ್ಲಿದ್ದ ಹಿರಿಯರಿಗೆ ಕೌದಿಯ ಕೆಲಸ ಬಂದಿತು. ಟ್ರಂಕಿನಲ್ಲಿದ್ದ ಹಳೆಯ ಇಳಕಲ್ಲ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಎಲ್ಲವನ್ನೂ ಕೂಡಿಸಿ ದಿನಕ್ಕೊಂದು ಗೇಣಿನಂತೆ ಹೊಲಿಗೆ. ಕೌದಿಯನ್ನು ಬಲ್ಲವರಿಗೆ ಗೊತ್ತು, ಅದು ಬಟ್ಟೆಯಲ್ಲಿ ಬರೆದ ಮನೆತನದ ಚರಿತ್ರೆ. ‘ಇದು ನಿಮ್ಮಪ್ಪನ ಲಗ್ನದಾಗಿನ ರುಮಾಲು’ ಎಂದು ಬಾಗಿಲಿನ ಆಚೆಯಿಂದಲೇ ಹೇಳಿಸಿಕೊಂಡ ಮೊಮ್ಮಕ್ಕಳು ಆ ಕೌದಿಯನ್ನು ಇಂದಿಗೂ ಹೊದೆಯುತ್ತಾರೆ.

ಬೇಸಿಗೆಯ ಶಾವಿಗೆ, ಹಪ್ಪಳ, ಸಂಡಿಗೆಗಳ ಕಾಲ ಅದು. ವರುಷವೂ ಓಣಿಯ ಹೆಂಗಸರು ಕೂಡಿ ಮಾಡುತ್ತಿದ್ದುದನ್ನು ಆ ವರುಷ ಅವರವರ ಮಾಳಿಗೆಯ ಮೇಲೆ ಬೇರೆಬೇರೆಯಾಗಿ ಮಾಡಿದರು. ಆದರೂ ಮಾಳಿಗೆಯಿಂದ ಮಾಳಿಗೆಗೆ ಹಾಡು ನಿಲ್ಲಲಿಲ್ಲ. ಗಂಡಸರು ಚೌಕಾಬಾರದ ಮನೆ ಬರೆಯಲು ಕಲಿತರು. ರೊಟ್ಟಿ ಬಡಿಯಲು ಹೋಗಿ ಭಾರತದ ನಕಾಶೆ ತೆಗೆದ ಯಜಮಾನರ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ಇನ್ನು ಗೃಹ ಕ್ವಾರಂಟೈನಿನಲ್ಲಿ ಇದ್ದವರು ಮುಂಜಾನೆ ಏಳರಿಂದ ರಾತ್ರಿ ಹತ್ತರವರೆಗೆ ತಾಸಿಗೊಮ್ಮೆ ತಮ್ಮ ಮುಖದ ಚಿತ್ರ ತೆಗೆದು ಸರಕಾರದ ಆ್ಯಪಿಗೆ ಕಳಿಸಬೇಕೆಂಬ ಆಜ್ಞೆ ಮಾರ್ಚ್ ಕೊನೆಗೆ ಬಂದಿತ್ತಷ್ಟೆ. ಹೆಂಡತಿಗೆ ಲಗ್ನದ ನಂತರ ಒಂದು ಫೋಟೋ ತೆಗೆಸದವರು ಸರಕಾರಕ್ಕೆ ದಿನಕ್ಕೆ ಹದಿನಾರು ಕಳಿಸಿದರೆಂಬ ನಗೆಮಾತು ಹುಟ್ಟಿದ್ದು ಆಗಲೇ.

ಇಷ್ಟು ಬರೆಯುವಾಗಲೇ ನಮಗೆ ಒಂದು ಅಳುಕು. ಕೂಲಿಯೇ ಇಲ್ಲದ ಮನೆಯ ಮುಂದೆ ಸಂತೋಷದ ಮಾತು ಆಡುವುದು ಸಲ್ಲದು. ರಾಮದುರ್ಗದ ಮಗ್ಗಗಳು ನಿಂತಾಗ, ನೂಲು ಬರದೆ, ನೇಯ್ದ ಸೀರೆ ಮಾರಾಟವಾಗದೆ ಕುಳಿತ ಮನೆಗಳಿಗೆ ಮೊದಲು ಬೇಕಾದದ್ದು ಜೋಳ. ಏಪ್ರಿಲಿನಿಂದ ತಲೆಗೆ ಐದು ಕಿಲೋ ಧಾನ್ಯ ಪುಕ್ಕಟೆಯಾಗಿ ಬಂದದ್ದು, ಉದ್ಯೋಗ ಖಾತರಿಯಲ್ಲಿ ದಿನಕ್ಕೆ 275 ರೂಪಾಯಿಯಂತೆ ಕೆರೆಯ ಹೂಳೆತ್ತುವ, ಬದು ಹಾಕುವ ಕೆಲಸ ದೊರೆತದ್ದು, ಅಂಚೆಯವರು ಪಿಂಚಣಿಯನ್ನು ಮನೆಬಾಗಿಲಿಗೆ ತಂದು ಕೊಟ್ಟದ್ದು ಅನೇಕರ ಒಲೆ ಆರದಂತೆ ನೋಡಿಕೊಂಡಿತು. ಕೆರೆಯ ಅಂಗಳದಲ್ಲಿ ಮಾರು ದೂರ ನಿಂತು ಸಲಿಕೆ ಹಿಡಿದವರು ಎರಡು ತಿಂಗಳ ನಂತರ ಮೊದಲ ಸಲ ನಾಲ್ಕು ಮಂದಿಯ ಮುಖ ಕಂಡು ನಕ್ಕರು. ಅವರಿಗೆ ಕೂಲಿಯಷ್ಟೇ ಆ ನಗೆಯೂ ಬೇಕಾಗಿತ್ತೆಂದು ನಾವು ತಿಳಿಯುತ್ತೇವೆ.

ಸೆರೆಯಲ್ಲಿ ಕುಳಿತು ಮನೆಯವರಿಗೆ ಬರೆದ ಪತ್ರವೊಂದು ನಮ್ಮ ಬೈಬಲಿನಲ್ಲಿಯೇ ಇದೆಯೆಂಬುದನ್ನು ವಾಚಕರಿಗೆ ಜ್ಞಾಪಿಸಬಯಸುತ್ತೇವೆ. ಸಂತ ಪೌಲರು ಬಂಧನದಲ್ಲಿದ್ದಾಗ ಫಿಲಿಪ್ಪಿಯವರಿಗೆ ಬರೆದ ಆ ಪತ್ರದಲ್ಲಿ ಆನಂದದ ಮಾತು ಮತ್ತೆ ಮತ್ತೆ ಬರುತ್ತದೆ. ನಮಗೆ ಪ್ರಿಯವಾದದ್ದು ಅದರ ಎರಡನೆಯ ಅಧ್ಯಾಯದ ಕೊನೆ. ಫಿಲಿಪ್ಪಿಯವರು ಪೌಲರ ಸೇವೆಗೆಂದು ಎಪಫ್ರೊದೀತನೆಂಬವನನ್ನು ಕಳಿಸಿದ್ದರು. ಅವನು ಅಲ್ಲಿ ಬೇನೆ ಬಿದ್ದು ಸಾವಿನ ಅಂಚಿಗೆ ಹೋದ. ಆ ಸುದ್ದಿ ಊರಿಗೆ ತಲಪಿತು. ಅವನಿಗೆ ಹತ್ತಿದ ಚಿಂತೆ ತನ್ನ ಬೇನೆಯದಲ್ಲ, ಸುದ್ದಿ ಕೇಳಿ ಮನೆಯವರು ಎಷ್ಟು ಕಳವಳಪಟ್ಟರೋ ಎಂಬುದು. ಪೌಲರು ಅವನನ್ನು ಊರಿಗೆ ಹಿಂದಿರುಗಿಸುತ್ತ, ಗೌರವದಿಂದ ಬರಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತಾರೆ. ಆಸ್ಪತ್ರೆಯ ಹಾಸಿಗೆಯಿಂದ ‘ನಾ ಆರಾಮ ಇದೀನಿ, ನೀವು ಗಾಬರಿ ಆಗಬ್ಯಾಡ್ರಿ’ ಎಂದು ಏದುಸಿರಿನಲ್ಲಿ ಹೇಳಿದ ನಮ್ಮ ಮಕ್ಕಳಿಗೂ ಇವನಿಗೂ ಯಾವ ಅಂತರ? ದಾರಿಗೆ ಮುಳ್ಳು ಎಳೆದವರೂ ಆ ಅಧ್ಯಾಯದ ಕೊನೆಯ ಕೋರಿಕೆಯನ್ನು ಒಮ್ಮೆ ಓದಬೇಕಾಗಿತ್ತು.

ಮರಳಿ ಬಾರದವರೂ ಇದ್ದಾರೆ. ಅವರ ವಿಷಯ ಬರೆಯದೆ ಈ ಲೇಖನ ಪೂರ್ತಿಯಾಗದು. ನಮ್ಮ ಸೀಮೆಯಲ್ಲಿ ಸತ್ತವರಿಗೆ ಮಣ್ಣು ಕೊಡುವುದೆಂದರೆ ಬಳಗದ ಕೊನೆಯ ಋಣ. ಎಂಥ ಜಗಳವಿದ್ದರೂ ಮಣ್ಣಿಗೆ ಬರಬೇಕು. 2020ರಲ್ಲಿ ಅಂತ್ಯಕ್ರಿಯೆಗೆ ಇಪ್ಪತ್ತೇ ಮಂದಿ ಎಂದು ನಿಯಮವಾಯಿತು. ಗಡಿ ಮುಚ್ಚಿದ್ದರಿಂದ ಹೆತ್ತ ಮಗನೇ ಆ ಇಪ್ಪತ್ತರಲ್ಲಿ ಇರಲಾಗಲಿಲ್ಲ. ಸೋಂಕಿನಿಂದ ತೀರಿಕೊಂಡವರ ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ. ಕೆಲವರು ಮೊಬೈಲು ಎತ್ತಿ ಹಿಡಿದು ಎಲ್ಲವನ್ನೂ ತೋರಿಸಿದರು. ತೋರಿಸಿದ್ದು ಸರಿಯೆಂದವರಿದ್ದಾರೆ, ಆ ಚಿತ್ರ ಕಣ್ಣಿನಿಂದ ಹೋಗಲೊಲ್ಲದು, ಬೇಡವಾಗಿತ್ತು ಎಂದವರೂ ಇದ್ದಾರೆ. ಇದರಲ್ಲಿ ನಾವು ತೀರ್ಪು ಕೊಡಲಾರೆವು. ಒಂದು ಮನೆಯವರು ಮಾಡಿದ್ದನ್ನು ಮಾತ್ರ ಹೇಳುತ್ತೇವೆ. ಅವರು ಗೋರಿ ಮುಚ್ಚುವಾಗ ಒಂದು ಹಿಡಿ ಮಣ್ಣನ್ನು ತೆಗೆದು ಅರಿವೆಯಲ್ಲಿ ಕಟ್ಟಿ ದೇವರ ಪಟದ ಕೆಳಗೆ ಇಟ್ಟರು. ತಿಂಗಳುಗಳ ನಂತರ ಮಗ ಬಂದಾಗ ಮನೆಗೆ ಕರೆಯದೆ, ಚಹಾ ಕೊಡದೆ, ಮೊದಲು ಅವನನ್ನು ಗೋರಿಗೆ ಕರೆದೊಯ್ದು ಆ ಗಂಟನ್ನು ಅವನ ಕೈಗೆ ಕೊಟ್ಟರು. ಅವನು ಮಣ್ಣು ಕೊಟ್ಟ. ಆಮೇಲೆ ಎಲ್ಲರೂ ಕುಳಿತು ಅವ್ವನ ಕೊನೆಯ ದಿನ ಏನಾಯಿತು, ಏನು ಕೇಳಿದಳು, ಯಾರ ಹೆಸರು ಹಿಡಿದಳು ಎಂಬುದನ್ನೆಲ್ಲ ಅವನಿಗೆ ಬಿಡಿಸಿ ಬಿಡಿಸಿ ಹೇಳಿದರು. ಇಂಥ ಮನೆಗಳು ಇನ್ನೂ ಇದ್ದರೆ, ಅಂದು ಬರಲಾಗದವರಿಗೆ ಆ ದಿನದ ಕತೆಯನ್ನು ಇನ್ನೂ ಹೇಳಿಲ್ಲದಿದ್ದರೆ, ಈಗಲೂ ಕಾಲ ಮಿಂಚಿಲ್ಲ. ನವೆಂಬರ್ 2ರ ಸಕಲ ಮೃತರ ದಿನ ಅದಕ್ಕೆ ತಕ್ಕ ದಿನವೇ ಆಗಿದೆ.

2020ರ ಜೂನ್ 8ರಿಂದ ಪೂಜಾಸ್ಥಳಗಳನ್ನು ತೆರೆಯಲು ಅನುಮತಿ ಸಿಕ್ಕಿತು. ಆದರೆ 2021ರ ಏಪ್ರಿಲ್ ಕೊನೆಗೆ ಎರಡನೆಯ ಅಲೆ ಮತ್ತೆ ಬಾಗಿಲು ಹಾಕಿಸಿತು. ಈ ಸಲ ಬೇನೆ ಶಾಲೆಯ ಕಂಪೌಂಡಿನಲ್ಲಿ ಇರಲಿಲ್ಲ, ನಮ್ಮ ಅಡಿಗೆಮನೆಯ ಪಕ್ಕದ ಕೋಣೆಯಲ್ಲಿಯೇ ಇತ್ತು. ಎಷ್ಟೋ ಮನೆಗಳಲ್ಲಿ ಮಲಗಿದವಳು ಅವ್ವ, ಅಂದರೆ ಎಲ್ಲರನ್ನೂ ನೋಡಿಕೊಳ್ಳುತ್ತಿದ್ದವಳೇ. ತಾಟನ್ನು ಹೊಸ್ತಿಲಲ್ಲಿ ಇಟ್ಟು ಹಿಂದೆ ಸರಿಯುವುದು, ಅವಳು ಬಂದು ತೆಗೆದುಕೊಳ್ಳುವುದು. ಒಂದೇ ಸೂರಿನ ಕೆಳಗೆ ಹದಿನಾಲ್ಕು ದಿನದ ಅಗಲಿಕೆ. ಹಿಂದಿನ ವರುಷ ಕಲಿತದ್ದು ಆಗ ಕೆಲವರ ಉಪಯೋಗಕ್ಕೆ ಬಂದಿತು. ಸವದತ್ತಿಯ ಕಡೆಯ ಒಂದು ಮನೆಯಲ್ಲಿ ಹದಿಮೂರು ವರುಷದ ಹುಡುಗಿ ಮೊದಲ ಸಲ ರೊಟ್ಟಿಗೆ ಕುಳಿತಿದ್ದಳು. ಎಸರು ಕುದಿಸಿ, ಹಿಟ್ಟು ಕಲಸಿ, ಕೊಣಮಿಗೆಯನ್ನು ಎತ್ತಿಕೊಂಡು ಹೊರಗಿನಿಂದ ಕಿಟಕಿಯ ಹತ್ತಿರ ಹೋಗಿ, ಮಾರು ದೂರದಲ್ಲಿ ನಿಂತು, ಮಾಸ್ಕಿನೊಳಗಿಂದಲೇ ಕೂಗಿದಳು: ‘ಅವ್ವಾ, ಹದಾ ಬಂತೇನು ನೋಡು.’ ನಾಲ್ಕು ದಿನದಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವ್ವ ಎದ್ದು ಬಂದು, ಸರಳು ಹಿಡಿದು, ಬಹಳ ಹೊತ್ತು ಆ ಹಿಟ್ಟನ್ನು ನೋಡಿದಳು. ‘ಇನ್ನೊಂದೀಟು ನಾದು’ ಎಂದಳು.